ದೊಡ್ಡಕ್ಕನ ಶುಕ್ರವಾರದ ಫೋಟೊಗಳು

ಇಂಟರ್ನೆಟ್ಟಿಗೆ ಹೋಗುವ ಮುಂಚೆ ಮೈ ತೊಳೆಸಿಕೊಂಡು, ಕೊಂಬಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು, ಕೊರಳಿಗೆ ಚೆಂಡುಹೂವಿನ ಸರ ಹಾಕಿಸಿಕೊಂಡ ಎಮ್ಮೆ ಈ ಭೂಮಿಯ ಮೇಲೆ ಒಂದೇ ಇದ್ದಿರಬೇಕು. ಅದು ನಮ್ಮ ಎಮ್ಮೆ. ಅದಕ್ಕೆ ಅಷ್ಟೆಲ್ಲ ಸಿಂಗಾರ ಮಾಡಿದವಳು ನಮ್ಮ ದೊಡ್ಡಕ್ಕ. ಎಮ್ಮೆಗೇ ಇಷ್ಟಾದರೆ ಮನೆಯ ಮನುಷ್ಯರ ಗತಿ ಏನಾಗಿರಬೇಕು, ನೀವೇ ಯೋಚಿಸಿ!

ದೊಡ್ಡಕ್ಕ ನನ್ನ ಗಂಡನ ಅಕ್ಕ. ರಾಮನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಅವಳ ಮನೆ. ಅವಳ ಗಂಡ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ತೂಗುವವರು, ಮಾತು ಬಹಳ ಕಮ್ಮಿ. ಅವರು ಉಳಿಸಿಟ್ಟ ಮಾತನ್ನೆಲ್ಲ ದೊಡ್ಡಕ್ಕ ಖರ್ಚು ಮಾಡುತ್ತಿದ್ದಳು. ಓದಿದ್ದು ಮಿಡ್ಲಿಸ್ಕೂಲಿನವರೆಗೆ. ಆದರೂ ಕಂಪ್ಯೂಟರ್ ಮುಂದೆ ಕುಳಿತು ಫೋಟೊ ಚಿಕ್ಕದು ಮಾಡಿ, ಬೆಳಕು ಏರಿಸಿ, ಅದಕ್ಕೊಂದು ಹೆಸರಿಟ್ಟು, ಸೇವ್ ಮಾಡಿ ಲೋಕಕ್ಕೆಲ್ಲ ಕಾಣುವಂತೆ ಹಾಕುತ್ತಿದ್ದ ಹೆಂಗಸು ಆ ಕಾಲಕ್ಕೆ ನಮ್ಮ ಕಡೆ ಅವಳೊಬ್ಬಳೇ. ನಾನು ಚೀಲ ಹಿಡಿದುಕೊಂಡು ಅವಳ ಹಿಂದೆ ಹೋಗುತ್ತಿದ್ದೆ. ಅವಳ ಕೆಲಸ ಮುಗಿಯುವ ತನಕ ಕರೆಂಟು ಹೋಗದಿರಲಿ ಎಂದು ದೇವರನ್ನು ಬೇಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ನೀವು ನಗುವುದಕ್ಕೆ ಮುಂಚೆ ಅವಳು ಇದನ್ನೆಲ್ಲ ಯಾಕೆ ಮಾಡುತ್ತಿದ್ದಳು ಎಂದು ಹೇಳಿಬಿಡುತ್ತೇನೆ. ಆಮೇಲೆ ಬೇಕಾದರೆ ನಗಿ.

ಬಿಡದಿಯ ಹತ್ತಿರ ನಮ್ಮ ಮಾವನವರಿಗೆ ಜಮೀನಿತ್ತು. ಕೈಗಾರಿಕೆಗೆಂದು ಸುತ್ತಮುತ್ತ ಎಲ್ಲರದೂ ಹೋಗುವಾಗ ನಮ್ಮದೂ ಹೋಯಿತು. ಮಾವನವರು ರುಜು ಹಾಕಿ ಬಂದ ದಿನ ನನ್ನ ಮೈದುನ, ಮನೆಯ ಕಿರಿಮಗ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತುಕೊಂಡು ಬಂದವನು ಅದನ್ನು ಅಂಗಳದಲ್ಲೇ ಎತ್ತಿಹಾಕಿದ. "ಇನ್ನು ಈ ಸೊಪ್ಪು ಯಾವ ಹುಳಕ್ಕೆ ಹಾಕ್ಲಿ? ನನ್ ಕೇಳ್ದೇನೆ ನೆಲ ಕೊಟ್ಬುಟ್ಯಲ್ಲ! ಇನ್ಮ್ಯಾಕೆ ನಿನ್ ಮೊಕ ನೋಡಲ್ಲ" ಎಂದ. ಮಾವನವರೇನು ಕಮ್ಮಿಯೇ? "ನೋಡ್ಬ್ಯಾಡ ಹೋಗ್ಲಾ" ಎಂದರು. ಅಪ್ಪನ ಹಠವೇ ಮಗನಿಗೂ ಬಂದಿತ್ತು. ಹೋದವನು ಹೋಗಿಯೇಬಿಟ್ಟ.

ನಾವು ರಾಮನಗರಕ್ಕೆ ಬಂದು ನಿಂತೆವು. ಊರಾಚೆ ಒಂದು ಮನೆ, ಹಿಂದೆ ಎಮ್ಮೆ ಕಟ್ಟುವಷ್ಟು ಜಾಗ. ನಮ್ಮ ಯಜಮಾನರಿಗೆ ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸವಾಯಿತು. ದೇವರು ಒಂದು ಕೈಯಲ್ಲಿ ಕಿತ್ತುಕೊಂಡರೂ ಇನ್ನೊಂದು ಕೈ ಪೂರ್ತಿ ಮುಚ್ಚಲಿಲ್ಲ, ಅದನ್ನೂ ನೆನೆಯಬೇಕು. ಆದರೆ ಮೈದುನನ ಸುದ್ದಿ ಮಾತ್ರ ಇಲ್ಲ. ಬದುಕಿದ್ದಾನೋ ಇಲ್ಲವೋ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಎಲ್ಲರೂ ಒಳಗೊಳಗೇ ಆಡಿಕೊಳ್ಳುತ್ತಿದ್ದೆವು.

ಹೀಗಿರುವಾಗ ಕನಕಪುರದ ಒಬ್ಬ ಲಾರಿ ಡ್ರೈವರು, ದೂರದ ನೆಂಟ, ಬಂದು ಹೇಳಿದ: "ಸೂರತ್ತಲ್ಲಿ ಕಂಡೆ ಕಣಕ್ಕ. ಮಗ್ಗದ ಕಾರ್ಖಾನೇಲವ್ನೆ. ಮಾತಾಡ್ಸುದ್ರೆ ಮೊಕ ತಿರುಗುಸ್ಕಂಡ. ಭಾನುವಾರ ಬಂತು ಅಂದ್ರೆ ಕಂಪ್ಯೂಟ್ರು ಅಂಗ್ಡೀಲಿ ಕುಂತ್ಕಂಡು ನಮ್ ಕಡೆ ಊರಿನ ಫೋಟೊ ಹುಡುಕ್ತಾನಂತೆ. ಜೊತೇಲಿರೋರು ಹೇಳುದ್ರು."

ನಮ್ಮ ಯಜಮಾನರು ರಜೆ ಹಾಕಿ ಸೂರತ್ತಿಗೆ ಹೋಗಿ ಬಂದರು. ಆ ಕಾರ್ಖಾನೆ ಬಿಟ್ಟು ಬೇರೆಲ್ಲಿಗೋ ಹೋದ ಎಂದರಂತೆ. ಅಷ್ಟು ದೊಡ್ಡ ಊರಿನಲ್ಲಿ, ಭಾಷೆ ತಿಳಿಯದ ಕಡೆ, ಎಲ್ಲಿ ಹುಡುಕುವುದು? ಸಪ್ಪೆ ಮುಖ ಹಾಕಿಕೊಂಡು ಬಂದು ಕುಳಿತರು. ದೊಡ್ಡಕ್ಕ ಮಾತ್ರ ಕುಳಿತಿದ್ದವಳು ಎದ್ದಳು.

"ಹಂಗಾರೆ ನಾವೇ ಅವ್ನಿರೋ ತಾವ್ಕೆ ಹೋಗಾನ ನಡಿ" ಎಂದಳು.

"ಸೂರತ್ಗಾ?" ಎಂದೆ ನಾನು.

"ಸೂರತ್ಗಲ್ಲ ಕಣೆ, ಕಂಪ್ಯೂಟ್ರೊಳಕ್ಕೆ!"

ಇದು ಅವಳ ಹುಚ್ಚಿನ ಆರಂಭ.

ಚನ್ನಪಟ್ಟಣದಲ್ಲಿ ಮದುವೆ ಫೋಟೊ ತೆಗೆಯುವವನೊಬ್ಬ ಹೊಸ ಕ್ಯಾಮೆರಾ ಕೊಂಡು, ಹಳೆಯ ಡಿಜಿಟಲ್ ಕ್ಯಾಮೆರಾವನ್ನು ದೊಡ್ಡಕ್ಕನಿಗೆ ಕೊಟ್ಟ. ಅದರ ಹೊಟ್ಟೆಗೆ ಎಷ್ಟು ಬ್ಯಾಟರಿ ಹಾಕಿದರೂ ಸಾಲದು, ಬಾಣಂತಿಯಂತೆ ಮತ್ತೆ ಮತ್ತೆ ಕೇಳುತ್ತಿತ್ತು. ಗುರುವಾರ ಫೋಟೊ ತೆಗೆಯುವುದು, ಶುಕ್ರವಾರ ಬಸ್ ಸ್ಟ್ಯಾಂಡಿನ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಹೋಗಿ ಹಾಕುವುದು. ಲಕ್ಷ್ಮಿಯ ವಾರ, ಮನೆ ಬಿಟ್ಟು ಹೋದದ್ದು ಮನೆಗೆ ಬರುವ ವಾರ ಎಂಬುದು ಅವಳ ನಂಬಿಕೆ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಗುರುವಾರ ಬಂತೆಂದರೆ ಮನೆಯಲ್ಲಿ ಮದುವೆಯ ಗಡಿಬಿಡಿ. ಅಂಗಳ ಸಾರಿಸಬೇಕು, ರಂಗೋಲಿ ಬಿಡಬೇಕು, ಎಮ್ಮೆಯ ಮೈ ಉಜ್ಜಬೇಕು. ನಾನು ದೋಸೆಗೆ ರುಬ್ಬುತ್ತಿರುವಂತೆ ಒಂದು ಫೋಟೊ ಬೇಕಂತೆ. ಮೈದುನನಿಗೆ ದೋಸೆ ಎಂದರೆ ಪ್ರಾಣ. ಸರಿ, ರುಬ್ಬೋಣ. ಆದರೆ ಧಾರೆ ಸೀರೆ ಉಟ್ಟುಕೊಂಡು ರುಬ್ಬಬೇಕಂತೆ! ಧಾರೆ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಒರಳಿನ ಮುಂದೆ ಕುಳಿತ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಾಣಬೇಕಾದರೆ ಆ ಫೋಟೊ ಇಂದಿಗೂ ಎಲ್ಲೋ ಇಂಟರ್ನೆಟ್ಟಿನಲ್ಲಿ ಇರಬೇಕು.

"ಇದೆಲ್ಲ ಸುಳ್ಳಲ್ವಾ ದೊಡ್ಡಕ್ಕ?" ಎಂದು ಒಮ್ಮೆ ಕೇಳಿದೆ.

"ಹಿಟ್ಟು ನಿಜ ತಾನೆ? ಒರಳು ನಿಜ ತಾನೆ? ಸೀರೆ ಒಸಿ ಮುಂಚಿತವಾಗಿ ಉಟ್ಟಿದೀಯ, ಅಷ್ಟೆ. ಅವ್ನು ಬಂದ ದಿನ ಉಡಲ್ವಾ?" ಎಂದಳು. ನಾನು ಸೆರಗು ಸಿಕ್ಕಿಸಿ ರುಬ್ಬತೊಡಗಿದೆ.

ಎಲ್ಲರೂ ನಗಲೇಬೇಕೆಂಬುದು ಅವಳ ಕಟ್ಟಪ್ಪಣೆ. "ಅಳೋ ಮೊಕ ನೋಡ್ಕಂಡು ಯಾವನ್ ಬತ್ತನೆ ಮನೆಗೆ? ನಗ್ರೆಲ್ಲಾ!" ಎಂದು ಗದರುತ್ತಿದ್ದಳು. ಗದರಿಸಿಕೊಂಡು ನಕ್ಕವರ ಮುಖ ಹೇಗಿರುತ್ತದೆ? ನಮ್ಮ ಯಜಮಾನರು ಹಲ್ಲುನೋವು ಬಂದವರಂತೆ ಕಾಣುತ್ತಿದ್ದರು. ನಮ್ಮತ್ತೆಗೆ ನಗು ಬರುತ್ತಿದ್ದದ್ದು ಎಮ್ಮೆ ಸೀನಿದಾಗ ಮಾತ್ರ. ಎಮ್ಮೆ ಸೀನುವ ತನಕ ಕ್ಯಾಮೆರಾ ಹಿಡಿದು ಕಾಯುತ್ತಿದ್ದಳು ದೊಡ್ಡಕ್ಕ!

ಕಷ್ಟವಾದದ್ದು ಮಾವನವರದು. ಅವರು ಕ್ಯಾಮೆರಾಕ್ಕೆ ಮುಖ ಕೊಡಲು ಒಪ್ಪಲೇ ಇಲ್ಲ.

"ಅವ್ನು ನನ್ ಮೊಕ ನೋಡಲ್ಲ ಅಂದೋನು. ನಾನ್ಯಾಕೆ ತೋರುಸ್ಲಿ?" ಎಂದು ಬೆನ್ನು ತಿರುಗಿಸಿ ಕುಳಿತರು. ಆದರೆ ಎದ್ದು ಒಳಗೆ ಹೋಗಲಿಲ್ಲ, ನೋಡಿ. ಪ್ರತಿ ಗುರುವಾರ ಹೊಸದಾಗಿ ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಜಗಲಿಯ ಅದೇ ಜಾಗದಲ್ಲಿ ಬೆನ್ನು ಈ ಕಡೆ ಮಾಡಿಕೊಂಡು ಕೂರುತ್ತಿದ್ದರು. ಎಲ್ಲ ಫೋಟೊಗಳಲ್ಲೂ ನಾವು ನಗುತ್ತಿದ್ದೇವೆ, ಎಮ್ಮೆ ಹೊಳೆಯುತ್ತಿದೆ, ಪಕ್ಕದಲ್ಲಿ ಮಾವನವರ ಬೆನ್ನು.

ಬ್ರೌಸಿಂಗ್ ಸೆಂಟರಿನ ಪುಟ್ಟಸ್ವಾಮಿ ನಡುವಯಸ್ಸಿನ ಮನುಷ್ಯ. ಜೆರಾಕ್ಸ್, ಎಸ್‌ಟಿಡಿ, ಕಂಪ್ಯೂಟರ್ ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದ. ದೇವರು ಆತನಿಗೆ ಬೇರೆ ಏನು ಕೊಟ್ಟಿದ್ದನೋ ಕಾಣೆ, ತಾಳ್ಮೆ ಮಾತ್ರ ಹೊರೆಗಟ್ಟಲೆ ಕೊಟ್ಟಿದ್ದ. ಮೊದಲ ದಿನ ದೊಡ್ಡಕ್ಕ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬಂದು, ಕಂಪ್ಯೂಟರಿಗೆ ಕೈಮುಗಿದು ಕುಳಿತಳು. ಆತ ನಗಲಿಲ್ಲ. ಫೋಟೊ ನೋಡಿ, "ಅಕ್ಕಾ, ಇದು ಬಾಳ ಭಾರ ಆಯ್ತು. ನಮ್ ಲೈನು ಎಳೆಯಾಕಿಲ್ಲ. ಒಸಿ ಕಮ್ಮಿ ಮಾಡ್ಬೇಕು" ಎಂದ.

ದೊಡ್ಡಕ್ಕ ತಿರುಗಿ ನನ್ನನ್ನು ನೋಡಿದಳು. ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. ಮರುವಾರ ಫೋಟೊ ತೆಗೆಯುವಾಗ, "ನೀ ಒಸಿ ಆಚ್ಗೆ ನಿಂತ್ಕಳೆ, ಭಾರ ಆಯ್ತದೆ" ಎಂದಳು.

ಗೂಡು ತೂಗುವವರ ಹೆಂಡತಿ. ಭಾರ ಎಂದರೆ ಭಾರವೇ! ನಾನು ಸ್ವಲ್ಪ ದಪ್ಪ, ಒಪ್ಪುತ್ತೇನೆ. ಆದರೂ ಕೇಳಿದೆ: "ಮತ್ತೆ ಎಮ್ಮೆ?"

"ಎಮ್ಮೆ ಇರ್ಲೇಬೇಕು. ಅದು ಅವ್ನು ಸಾಕಿದ್ದು."

ಎಮ್ಮೆ ಇರಬಹುದಂತೆ, ನಾನು ಇರಬಾರದಂತೆ! ಭಾರ ಎಂದರೆ ಆ ಭಾರವಲ್ಲ, ಹತ್ತು ಜನರಿರುವ ಫೋಟೊಗೂ ಒಂದು ಇರುವೆಯ ಫೋಟೊಗೂ ಅದು ಒಂದೇ ಇರಬಹುದು ಎಂದು ಪುಟ್ಟಸ್ವಾಮಿ ತಿಳಿಸಿ ಹೇಳಿದ ಮೇಲೆಯೇ ನನಗೆ ನಮ್ಮ ಸಂಸಾರದೊಳಗೆ ಮತ್ತೆ ಜಾಗ ಸಿಕ್ಕಿದ್ದು.

ಆಮೇಲೆ ಆತ ಬೇರೆ ದಾರಿ ತೋರಿಸಿದ. ಫೋಟೊದ ಅಂಚುಗಳನ್ನು ಕತ್ತರಿಸಿಬಿಟ್ಟರೆ ಹಗುರವಾಗುತ್ತದೆ ಎಂದು ಪರದೆಯ ಮೇಲೆ ಒಂದು ಚೌಕ ಎಳೆದ. ಚೌಕದ ಗೆರೆ ಸರಿಯಾಗಿ ಮಾವನವರ ಹೆಗಲ ಮೇಲೆ ಬಂದು ನಿಂತಿತು.

ದೊಡ್ಡಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ಏಯ್, ನಮ್ಮಪ್ಪನ ತೋಳು ಕತ್ತರುಸ್ತೀಯಾ? ಬದುಕಿರೋರ್ನ ಕತ್ತರುಸ್ಬಾರ್ದು ಕಣಪ್ಪ! ನಿಮ್ಮನೇಲಿ ಹೆಂಗುಸ್ರು ಹೇಳ್ಕೊಟ್ಟಿಲ್ವಾ?"

ಪಕ್ಕದ ಕಂಪ್ಯೂಟರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದವರೆಲ್ಲ ತಿರುಗಿ ನೋಡಿದರು. ಪುಟ್ಟಸ್ವಾಮಿ ಗೆರೆಯನ್ನು ಅಳಿಸಿದ. ಅಂದಿನಿಂದ ನಮ್ಮ ಮನೆಯ ಯಾವ ಫೋಟೊವನ್ನೂ ಕತ್ತರಿಸುವಂತಿಲ್ಲ ಎಂದಾಯಿತು. ಆಕಾಶ, ಅಂಗಳ, ಗೋಡೆ, ಸಗಣಿ ಗುಂಡಿ ಸಮೇತ ಇಡೀ ಫೋಟೊವನ್ನೇ ಕುಗ್ಗಿಸಿ ಕುಗ್ಗಿಸಿ ಹಾಕಬೇಕು. ಹಾಕಿದಾಗ ನಾವೆಲ್ಲ ತಟ್ಟೆಯಲ್ಲಿ ಬಿಟ್ಟ ರೇಷ್ಮೆಯ ಮರಿಹುಳುಗಳಂತೆ ಕಾಣುತ್ತಿದ್ದೆವು. "ಕಾಣಾಕಿಲ್ಲ ಅಂದ್ರೆ ಹತ್ರ ಬಂದು ನೋಡ್ಲಿ" ಎಂದಳು ದೊಡ್ಡಕ್ಕ. ಪ್ರತಿ ಫೋಟೊದ ಕೆಳಗೆ ನಮ್ಮ ಹಳೆಯ ಊರಿನ ಹೆಸರು, ಅದರ ಕೆಳಗೆ ಪುಟ್ಟಸ್ವಾಮಿಯ ಇ-ಮೇಲ್ ವಿಳಾಸ. ಹುಡುಕುವವನಿಗೆ ಸಿಗಲಿ, ಸಿಕ್ಕರೆ ಒಂದು ಮಾತು ಬರೆಯಲಿ ಎಂದು.

ಯಾರೂ ಬರೆಯಲಿಲ್ಲ. ಶುಕ್ರವಾರ ಬರುತ್ತಿತ್ತು, ಹೋಗುತ್ತಿತ್ತು.

ಮನೆಯವರ ಫೋಟೊಗಳ ಜೊತೆಗೆ ಮೈದುನನದೇ ಒಂದು ಫೋಟೊ ಇತ್ತು. ಅವನದೆಂದು ಇದ್ದದ್ದು ಅದೊಂದೇ. ಅದನ್ನೂ ಪುಟ್ಟಸ್ವಾಮಿ ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದ. ವಾರವಾರ ಎಲ್ಲಕ್ಕಿಂತ ಮೇಲೆ ಅದನ್ನೇ ಹಾಕುತ್ತಿದ್ದಳು, ಇದೆಲ್ಲ ನಿನಗಾಗಿಯೇ ಎಂದು ಅವನಿಗೆ ತಿಳಿಯಲೆಂದು.

ರೇಷ್ಮೆ ಸೀರೆಯನ್ನು ಪೆಟ್ಟಿಗೆಯಲ್ಲಿ ಒಂದೇ ಮಡಿಕೆಯಲ್ಲಿ ಬಹಳ ಕಾಲ ಇಟ್ಟರೆ ಮಡಿಕೆ ಇರುವಲ್ಲೇ ಬಿರಿಯುತ್ತದೆ. ಆಗಾಗ ತೆಗೆದು, ಗಾಳಿಗೆ ಹಿಡಿದು, ಬೇರೆ ಮಡಿಕೆ ಹಾಕಿ ಇಡಬೇಕು. ಇದು ನಮ್ಮ ಊರಿನ ಹೆಂಗಸರಿಗೆಲ್ಲ ಗೊತ್ತು. ದೊಡ್ಡಕ್ಕ ಫೋಟೊವನ್ನೂ ಹಾಗೆಯೇ ನೋಡಿಕೊಂಡಳು! ಪ್ರತಿ ಶುಕ್ರವಾರ ತಮ್ಮನ ಫೋಟೊ ತೆರೆಯುವುದು, ಒಂದಿಷ್ಟು ಬೆಳಕು ಏರಿಸುವುದು, ಮತ್ತೆ ಸೇವ್ ಮಾಡುವುದು. ಮರುವಾರ ಮತ್ತೆ ತೆರೆಯುವುದು, ಮತ್ತೆ ಸೇವ್. "ಹಂಗೇ ಇಕ್ಕಿದ್ರೆ ಹಾಳಾಯ್ತದೆ ಕಣೆ. ತಗ್ದು ತಗ್ದು ಇಕ್ಕುದ್ರೆ ಬಾಳಿಕೆ ಬತ್ತದೆ" ಎಂದು ನನಗೂ ಪಾಠ. ಪುಟ್ಟಸ್ವಾಮಿಗೆ ಜೆರಾಕ್ಸಿನ ಗಿರಾಕಿಗಳ ನಡುವೆ ಇದು ಕಾಣಲೇ ಇಲ್ಲ.

ಒಂದು ಶುಕ್ರವಾರ ದೊಡ್ಡಕ್ಕ ನನ್ನ ಮೊಣಕೈ ಹಿಡಿದು ಅಮುಕಿದಳು.

"ನೋಡೆ ಇಲ್ಲಿ. ಮೊಕ ಕರಗ್ತಾ ಐತೆ."

ಬಗ್ಗಿ ನೋಡಿದೆ. ನಿಜ. ಮೂಗಿನ ಗೆರೆ ಒಡೆದಿತ್ತು. ಕೆನ್ನೆಯ ಮೇಲೆ ಹೆಂಚು ಜೋಡಿಸಿದಂತೆ ಚೌಕ ಚೌಕ. ಕಣ್ಣಿದ್ದ ಕಡೆ ಎರಡು ಕಪ್ಪು ಮಚ್ಚೆ. ನಮ್ಮೆಲ್ಲರ ಮುಖ ನೆಟ್ಟಗಿದೆ, ಎಮ್ಮೆಯ ಮುಖವೂ ನೆಟ್ಟಗಿದೆ, ಅವನೊಬ್ಬನದು ಮಾತ್ರ ಹೀಗೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇದು ಅಪಶಕುನ ಎಂದು ಇಬ್ಬರಿಗೂ ಅನ್ನಿಸಿತು.

ಮನೆಯಲ್ಲಿ ಅತ್ತೆಗೆ ಹೇಳಲಿಲ್ಲ. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಮುಡಿಪು ಕಟ್ಟಿದೆ. ದೊಡ್ಡಕ್ಕ ಊಟ ಬಿಟ್ಟಳು. ಮಾತನ್ನೂ ಬಿಟ್ಟಳು. ಅದು ಇನ್ನೂ ಹೆದರಿಕೆಯ ವಿಷಯ! ಎಂದೂ ಬಾಯಿಬಿಡದ ಅವಳ ಗಂಡನೇ ಬಂದು, "ಇವ್ಳಿಗೇನಾಗೈತೆ? ಮನೆ ಮಸಾಣ ಆದಂಗದೆ" ಎಂದು ನನ್ನನ್ನು ಕೇಳಿದರು.

ಮುಂದಿನ ಶುಕ್ರವಾರದ ತನಕ ಕಾಯಲು ಆಗದೆ ಸೋಮವಾರವೇ ಹೋದೆವು. ಪುಟ್ಟಸ್ವಾಮಿ ಫೋಟೊ ನೋಡಿದ, ದೊಡ್ಡದು ಮಾಡಿಯೂ ನೋಡಿದ. ತಲೆ ಕೆರೆದುಕೊಂಡ.

"ಅಕ್ಕಾ, ಇದುನ್ನ ವಾರವಾರ ಸೇವ್ ಮಾಡ್ತಿದ್ರಾ?"

"ಊಂ ಕಣಪ್ಪ. ಒಂದ್ವಾರಾನೂ ತಪ್ಪುಸಿಲ್ಲ."

"ಅದ್ಕೇಯ. ಪ್ರತೀ ಸಲ ಸೇವ್ ಮಾಡ್ದಾಗ್ಲೂ ಅದು ತನ್ನೊಳ್ಗಿರೋದ್ನ ಒಸೊಸಿ ಬುಟ್ಕೊಡ್ತಾ ಹೋಯ್ತದೆ. ನೀವು ಮುಟ್ದೆ ಇದ್ದಿದ್ರೆ ಚೆಂದಾಗೇ ಇರ್ತಿತ್ತು."

ದೊಡ್ಡಕ್ಕ ಆತನ ಬಾಯನ್ನೇ ನೋಡುತ್ತಿದ್ದಳು. "ಹಂಗಾರೆ ಅವ್ನಿಗೇನೂ ಆಗಿಲ್ವಾ?"

ಆತ ಸುಳ್ಳು ಹೇಳುವವನಲ್ಲ. "ಅವ್ರ ವಿಷ್ಯ ನಂಗೊತ್ತಿಲ್ಲ ಅಕ್ಕ. ಇದು ಫೋಟೊಗೆ ಆಗಿರೋದು, ಅಷ್ಟೆ."

ಅಷ್ಟೇ ಸಾಕಾಗಿತ್ತು ಅವಳಿಗೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅಯ್ಯೋ ನನ್ ಕೈಗಿಷ್ಟು! ಸವರಿ ಸವರಿ ನಾನೇ ಸವೆಸ್ಬುಟ್ನಲ್ಲ" ಎಂದಳು.

ಮೂಲ ಫೋಟೊ ತಂದರೆ ಹೊಸದಾಗಿ ಇಳಿಸಿಕೊಡುತ್ತೇನೆ ಎಂದ ಪುಟ್ಟಸ್ವಾಮಿ. ಅದು ನಮ್ಮ ದೇವರಮನೆಯಲ್ಲಿ ಗಾಜಿನ ಕಟ್ಟಿನಲ್ಲಿತ್ತು. ಕಂಪ್ಯೂಟರಿಗೆ ಇಳಿಸಿದ ಮೇಲೆ ನಾವೇ ಭಕ್ತಿಯಿಂದ ಕಟ್ಟು ಹಾಕಿಸಿದ್ದೆವು. ತೇವಕ್ಕೆ ಅದು ಗಾಜಿಗೇ ಅಂಟಿಕೊಂಡುಬಿಟ್ಟಿತ್ತು. ಬಿಡಿಸಲು ಹೋದರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಮತ್ತೇನು ಮಾಡುವುದು? ಕಟ್ಟು ಸಮೇತ, ಅದರ ಮೂಲೆಗೆ ಸಿಕ್ಕಿಸಿದ್ದ ಒಣಗಿದ ತುಂಬೆ ಹೂವಿನ ಸಮೇತ ಸ್ಕ್ಯಾನರಿನ ಮೇಲೆ ಬೋರಲು ಹಾಕಿದೆವು. ಮುಚ್ಚಳ ಮುಚ್ಚಲಿಲ್ಲ. ಬೆಳಕು ಹೊರಗೆ ಹೋಗದಂತೆ ನಾನು ನನ್ನ ಸೆರಗು ಹರಡಿ ನಿಂತೆ. ಒಳಗೆ ಹಸಿರು ಬೆಳಕು ಆ ಕಡೆಯಿಂದ ಈ ಕಡೆಗೆ ಹರಿಯಿತು. ಮಂಗಳಾರತಿ ಹಿಡಿದಂತೆ ದೊಡ್ಡಕ್ಕ ಕಣ್ಣು ಮುಚ್ಚಿ ಕೈಮುಗಿದಳು. ಫೋಟೊ ಚೆನ್ನಾಗಿಯೇ ಬಂತು. ದೇವರು ದೊಡ್ಡವನು.

ಹೆದರಿಕೆ ಕಳೆಯಿತು ಎಂದು ನಾವು ನೆಮ್ಮದಿಯಾಗಿದ್ದೆವು. ದೂರದವನಿಗೆ ಏನಾಯಿತೋ ಎಂದು ಆ ಕಡೆಯೇ ನೋಡುತ್ತಿದ್ದೆವು. ಜಗಲಿಯ ಮೇಲೆ ಕುಳಿತವರ ಕಡೆ ಯಾರೂ ನೋಡಲಿಲ್ಲ.

ಮಾವನವರು ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಏಳಲಿಲ್ಲ. ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ನೀರು ಬಿಡಿಸಿಕೊಂಡು ಮಲಗಲಿಲ್ಲ. ಅಂಥ ಸಾವು ಬೇಡಿದರೂ ಸಿಗುವುದಿಲ್ಲ ಎಂದು ಬಂದವರೆಲ್ಲ ಹೇಳಿದರು. ನಾನೂ ಹಾಗೆಯೇ ಅಂದುಕೊಂಡೆ. ಹಿರಿಮಗನಾಗಿ ನಮ್ಮ ಯಜಮಾನರು ಕೊಳ್ಳಿ ಇಟ್ಟರು, ತಲೆ ಬೋಳಿಸಿಕೊಂಡರು. ಕಿರಿಮಗ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದು ಅವರ ದೊಡ್ಡತನ.

ತಿಥಿಗೆ ಹಾರ ಹಾಕಲು ಫೋಟೊ ಬೇಕಲ್ಲ? ಹುಡುಕಿದರೆ ಕಂಪ್ಯೂಟರಿನ ತುಂಬ ಮಾವನವರೇ, ಎಲ್ಲವೂ ಬೆನ್ನು! ಬೆನ್ನಿಗೆ ಹೇಗೆ ಹಾರ ಹಾಕುವುದು? ಕೊನೆಗೆ ಮತದಾರರ ಗುರುತಿನ ಚೀಟಿಯಲ್ಲಿದ್ದ ಮುಖವನ್ನು ಪುಟ್ಟಸ್ವಾಮಿ ದೊಡ್ಡದು ಮಾಡಿಕೊಟ್ಟ. ಅದರಲ್ಲಿ ಮಾವನವರು ಯಾರ ಮೇಲೋ ಸಿಟ್ಟಾಗಿರುವಂತೆ ಕಾಣುತ್ತಿದ್ದರು. ಅದು ಅವರದೇ ಮುಖ, ಅನುಮಾನವೇ ಇಲ್ಲ ಎಂದರು ನೆಂಟರು.

ಈಗ ಮೈದುನನಿಗೆ ತಿಳಿಸುವುದು ಹೇಗೆ? ಫೋಟೊದ ಕೆಳಗೆ ಬರೆಯೋಣ ಎಂದರು ನಮ್ಮ ಯಜಮಾನರು. ದೊಡ್ಡಕ್ಕ ಬೇಡವೇ ಬೇಡ ಎಂದಳು.

"ಅಲ್ಲೆಲ್ಲೋ ಅಂಗ್ಡೀಲಿ ಒಬ್ನೇ ಕುಂತ್ಕಂಡು ಓದಿ ಎದೆ ಒಡ್ಕಂಡ್ರೆ ಯಾರಪ್ಪ ಹಿಡ್ಕತರೆ? ಮೊಕ ನೋಡಲ್ಲ ಅಂದಿದ್ದು ನಿಜ ಆಗೋಯ್ತಲ್ಲ ಅಂತ ಇನ್ನೂ ದೂರ ಹೋಯ್ತನೆ. ಮೊದ್ಲು ಬರ್ಲಿ. ಬಂದ್ಮ್ಯಾಲೆ ನಾನೇ ಹೇಳ್ತೀನಿ."

ಹಾಗೆಂದು ಫೋಟೊ ಹಾಕುವುದನ್ನು ನಿಲ್ಲಿಸುವಂತೆಯೂ ಇಲ್ಲ. ನಿಲ್ಲಿಸಿದರೂ ಅವನಿಗೆ ಅನುಮಾನ ಬರುತ್ತದೆ. ಸೂತಕ ಕಳೆದ ಮೇಲೆ ಒಂದು ಗುರುವಾರ ಮತ್ತೆ ಅಂಗಳ ಸಾರಿಸಿದೆವು. ಜಗಲಿಯ ಆ ಜಾಗ ಹಾಗೇ ಖಾಲಿ. ಬೆನ್ನು ಕಾಣಲಿಲ್ಲವೆಂದರೆ ಒಳಗೆ ಹೋಗಿದ್ದಾರೆ ಎಂದುಕೊಳ್ಳುತ್ತಾನೆ ಎಂದಳು ದೊಡ್ಡಕ್ಕ. ಆದರೆ ಅತ್ತೆಯ ಹಣೆ? ಸೆರಗನ್ನು ಹುಬ್ಬಿನ ತನಕ ಎಳೆದು ಹೊದಿಸಿದಳು. ಕ್ಲಿಕ್ ಮಾಡುವ ಹೊತ್ತಿಗೆ ಸೆರಗು ಜಾರಿತು. ಬ್ಯಾಟರಿ ಮುಗಿಯಿತು. ಇದ್ದದ್ದು ಅದೊಂದೇ ಫೋಟೊ.

ಮರುದಿನ ಅತ್ತೆಯೂ ನಮ್ಮ ಜೊತೆ ಹೊರಟರು. "ನನ್ ಮೊಕ ಅವ್ನ ತಾವ್ಕೆ ಹೆಂಗೆ ಹೋಯ್ತದೆ, ಒಂದ್ ದಪ ನೋಡ್ತೀನಿ" ಎಂದರು. ಆಟೊದಲ್ಲಿ ಕೂರಿಸಿಕೊಂಡು ಹೋದೆವು.

ಪುಟ್ಟಸ್ವಾಮಿ ಫೋಟೊ ತೆರೆದ. ದೊಡ್ಡಕ್ಕ ಆತನ ಕಿವಿಯ ಹತ್ತಿರ ಏನೋ ಹೇಳಿದಳು. ಆತ ಅತ್ತೆಯ ಮುಖವನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಕೆಂಪು ಬಣ್ಣ ಆರಿಸಿಕೊಂಡು, ಹಣೆಯ ನಡುವೆ ಒಂದು ಚುಕ್ಕೆ ಇಟ್ಟ. ದುಂಡಗೆ, ಕೈಯಲ್ಲಿ ಇಟ್ಟದ್ದಕ್ಕಿಂತ ಅಚ್ಚುಕಟ್ಟಾಗಿ ಬಂತು. ಹಿಂದಿನ ಎಲ್ಲ ಗುರುವಾರಗಳ ಅತ್ತೆ ಮತ್ತೆ ಬಂದು ಕುಳಿತಂತೆ ಆಯಿತು. ಇದು ತಪ್ಪು ಎನ್ನಿಸಿತು, ಅತ್ತೆಯ ಕಡೆ ತಿರುಗಿದೆ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಸಿಟ್ಟು ಮಾಡಲಿಲ್ಲ.

"ಅದುನ್ನ ಇಕ್ದೋನು ಹೋದ ಮ್ಯಾಲೆ ನೀ ಯಾರಪ್ಪ ಇಕ್ಕಾಕೆ?" ಎಂದು ಪುಟ್ಟಸ್ವಾಮಿಯನ್ನು ಕೇಳಿದರು.

ಆತ ಮೌಸಿನಿಂದ ಕೈ ತೆಗೆದ.

"ಅವ್ವಾ, ಚಿಕ್ಕೋನು ಹೆದ್ರುಕತನೆ" ಎಂದಳು ದೊಡ್ಡಕ್ಕ.

"ಹೆದ್ರುಕಳ್ಲಿ. ಅಪ್ಪನ್ನ ಕಳ್ಕಂಡಿದೀನಿ ಅಂತ ಗೊತ್ತಿಲ್ದೆ ಅಲ್ಲಿ ಬಾಡೂಟ ಉಂಡ್ಕಂಡು ಕುಂತಿರ್ಲಾ ನನ್ ಮಗ? ತೆಗಿ ಅದುನ್ನ. ನನ್ ಹಣೆ ಹೆಂಗೈತೋ ಹಂಗೇ ಕಳ್ಸು."

ಪುಟ್ಟಸ್ವಾಮಿ ಒಂದು ಗುಂಡಿ ಒತ್ತಿದ. ಚುಕ್ಕೆ ಹೋಯಿತು. ಮನೆಯಲ್ಲಿ ಅದನ್ನು ಅಳಿಸಿದ ದಿನ ಎಷ್ಟು ಹೆಂಗಸರು ಸೇರಿದ್ದರು, ಎಷ್ಟು ಹೊತ್ತು ಹಿಡಿದಿತ್ತು, ಆ ಅಳು ಎಷ್ಟು ಬೀದಿಗೆ ಕೇಳಿತ್ತು! ಇಲ್ಲಿ ಒಂದು ಗುಂಡಿ. ಫೋಟೊ ಹಾಗೆಯೇ ಹೋಯಿತು. ನಗು ಇಲ್ಲ, ಸಿಂಗಾರ ಇಲ್ಲ, ಪಕ್ಕದಲ್ಲಿ ಖಾಲಿ ಜಗಲಿ. ಬರಿದಾದ ಹಣೆಯ ಮುದುಕಿಯೊಬ್ಬಳು ನೇರವಾಗಿ ನೋಡುತ್ತಿದ್ದಳು.

ಆಮೇಲಿನ ಶುಕ್ರವಾರಗಳಲ್ಲಿ ದೊಡ್ಡಕ್ಕ ಅಲ್ಲಿಗೆ ಹೋಗಿ ಸುಮ್ಮನೆ ಕುಳಿತು ಬರುತ್ತಿದ್ದಳು. ಹೊಸ ಫೋಟೊ ಹಾಕಲಿಲ್ಲ. "ಅದ್ರ ಮ್ಯಾಲೆ ಇನ್ನೇನು ಹಾಕ್ಲಿ?" ಎನ್ನುತ್ತಿದ್ದಳು.

ಒಂದು ದಿನ ಪುಟ್ಟಸ್ವಾಮಿ ಅಂಗಡಿಯ ಬಾಗಿಲಲ್ಲೇ ನಿಂತಿದ್ದ. "ಬನ್ನಿ ಅಕ್ಕ, ಬೇಗ ಬನ್ನಿ. ಒಂದು ಮೇಲ್ ಬಂದೈತೆ. ಹೆಸ್ರಿಲ್ಲ, ಮಾತಿಲ್ಲ. ಬರೀ ಒಂದು ಫೋಟೊ" ಎಂದ.

ದೊಡ್ಡಕ್ಕ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು. ಆತ ಫೋಟೊ ತೆರೆದ. ಕಳಿಸಿದವನಿಗೆ ಭಾರ ಕಮ್ಮಿ ಮಾಡಲು ಯಾರೂ ಹೇಳಿಕೊಟ್ಟಿರಲಿಲ್ಲ, ಇದ್ದದ್ದನ್ನು ಇದ್ದಂತೆಯೇ ಕಳಿಸಿದ್ದ. ಪರದೆಯ ಮೇಲೆ ಅದು ಮೇಲಿನಿಂದ ಒಂದೊಂದೇ ಗೆರೆ ಇಳಿಯತೊಡಗಿತು. ಮೊದಲು ತಗಡಿನ ಚಾವಣಿ. ಆಮೇಲೆ ಬಣ್ಣ ಹೋದ ಗೋಡೆ. ನಿಂತಿತು. ಮತ್ತೆ ಎರಡು ಗೆರೆ. ನಿಂತಿತು. ಇಷ್ಟಾಗುವಷ್ಟರಲ್ಲಿ ಕರೆಂಟು ಹೋಯಿತು!

ಆ ಹೊತ್ತಿನಲ್ಲಿ ನಾನು ನೆನೆಯದ ದೇವರಿಲ್ಲ. ದೊಡ್ಡಕ್ಕ ಕಪ್ಪಾದ ಪರದೆಯಿಂದ ಕಣ್ಣು ಕೀಳಲಿಲ್ಲ. ಕರೆಂಟು ಬಂತು. ಪುಟ್ಟಸ್ವಾಮಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದ. ಮತ್ತೆ ಚಾವಣಿ, ಮತ್ತೆ ಗೋಡೆ.

ಗೋಡೆಯ ಕೆಳಗೆ ತಲೆ ಶುರುವಾಯಿತು. ಈಗ ಕೂದಲು ಬರುತ್ತದೆ ಎಂದು ಕಾದೆವು. ಮೈದುನನಿಗೆ ದಟ್ಟ ಗುಂಗುರು ಕೂದಲು, ದೂರದಿಂದಲೇ ಗುರುತು ಸಿಗುವಂಥದು. ಗೆರೆ ಇಳಿಯಿತು. ಕೂದಲು ಬರಲಿಲ್ಲ. ಇನ್ನೊಂದು ಗೆರೆ. ಬೋಳು ನೆತ್ತಿ, ಕತ್ತಿ ಆಡಿಸಿದ ಹಸಿರು ಇನ್ನೂ ಆರದ ನೆತ್ತಿ. ಹಿಂದೆ ಒಂದಿಷ್ಟು ಜುಟ್ಟು ಬಿಟ್ಟಿದ್ದರು.

ಪರಸ್ಥಳದಲ್ಲಿ, ಯಾವ ನದಿಯ ಹತ್ತಿರವೋ, ಯಾವ ಮರದ ಕೆಳಗೋ, ಯಾರ ಮುಂದೆ ತಲೆಯೊಡ್ಡಿ ಕುಳಿತನೋ! ಮೀಸೆಯನ್ನೂ ತೆಗೆಸಿದ್ದ. ಗೆರೆ ಗೆರೆಯಾಗಿ ಹಣೆ ಬಂತು, ಹುಬ್ಬು ಬಂತು, ಕಣ್ಣು ಬಂತು. ಅವ್ವನ ಕಣ್ಣು. ಕ್ಯಾಮೆರಾವನ್ನು ನೇರವಾಗಿ ನೋಡುತ್ತಿದ್ದ.

ದೊಡ್ಡಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಜ್ವರ ಬಂದ ಮಗುವನ್ನು ಮುಟ್ಟಿ ನೋಡುವಂತೆ, ಅಂಗೈಯನ್ನು ನಿಧಾನವಾಗಿ ಗಾಜಿನ ಮೇಲೆ, ಅವನ ಹಣೆಯ ಮೇಲೆ ಇಟ್ಟಳು. ಬಹಳ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದಳು.

"ಬೆಚ್ಚಗವ್ನೆ ಕಣೆ" ಎಂದಳು.

ನಾನೂ ಕೈ ಇಟ್ಟು ನೋಡಿದೆ. ಹೌದು, ಬೆಚ್ಚಗಿದ್ದ.